ಮಾಂಸ ಕಟ್ಟುವ ಪೇಪರು, ಲಿಮುರುವಿನ ಸ್ವಿಚ್ಚು: ಕೆನ್ಯಾದಲ್ಲಿ ಸುದ್ದಿ ಯಾರ ಕೈಯಲ್ಲಿದೆ?

ಉಹುರು ಕೆನ್ಯಾಟ್ಟ ಕೆನ್ಯಾದ ಅಧ್ಯಕ್ಷರಾಗಿದ್ದಾಗ ಪತ್ರಿಕೆಗಳ ಬಗ್ಗೆ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಪೇಪರು ಇರುವುದು ಮಾಂಸ ಕಟ್ಟಿಕೊಡೋಕೆ, ಅಷ್ಟೇ. ನಮ್ಮಲ್ಲಿ ಬೋಂಡ ಕಟ್ಟೋಕೆ ಲಾಯಕ್ಕು ಅಂತೀವಲ್ಲ, ಹಾಗೆ. ತಮಾಷೆ ಏನಂದ್ರೆ, ಆಗ ಅವರದ್ದೇ ಕುಟುಂಬದ ಪಾಲಿದ್ದ ಕಂಪನಿಯೊಂದು ಪೀಪಲ್ ಡೈಲಿ ಅನ್ನುವ ದಿನಪತ್ರಿಕೆ ತರುತ್ತಿತ್ತು. ಕೆ24 ಅನ್ನುವ ಟಿವಿ ಚಾನೆಲ್ಲು, ಕಾಮೆಮೆ ಅನ್ನುವ ರೇಡಿಯೋ ಕೂಡ ಅದರದ್ದೇ. ಇನ್ನೂ ಹಿಂದಕ್ಕೆ ಹೋದರೆ, ಅವರ ಅಪ್ಪ ಜೋಮೊ ಕೆನ್ಯಾಟ್ಟ ರಾಜಕೀಯಕ್ಕೆ ಬಂದ ಹೊಸದರಲ್ಲಿ ಒಂದು ಪತ್ರಿಕೆಯ ಸಂಪಾದಕರಾಗಿದ್ದವರು.

ಕೆನ್ಯಾದ ಮಾಧ್ಯಮಗಳ ಕಥೆಯನ್ನು ಇಲ್ಲಿಂದ ಶುರು ಮಾಡಿದರೆ ಸುಲಭ. ಅಲ್ಲಿ ಪತ್ರಿಕೆಯನ್ನು ಬೈಯುವವರು, ನಡೆಸುವವರು, ಹೆದರಿಸುವವರು ಬಹಳ ಸಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವರು.

ಪ್ಯಾರಿಸ್‌ನ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ ಪ್ರತಿ ವರ್ಷ 180 ದೇಶಗಳ ಪತ್ರಿಕಾ ಸ್ವಾತಂತ್ರ್ಯದ ಪಟ್ಟಿ ಮಾಡುತ್ತದೆ. 2022ರಲ್ಲಿ ಕೆನ್ಯಾ 69ನೇ ಜಾಗದಲ್ಲಿತ್ತು. ಮರುವರ್ಷ 116ಕ್ಕೆ ಜಾರಿತು. 2024ರಲ್ಲಿ 102ಕ್ಕೆ ಹತ್ತಿತು, 2025ರಲ್ಲಿ ಮತ್ತೆ 117ಕ್ಕೆ ಇಳಿಯಿತು. ಸಂವಿಧಾನ ಅದೇ, ಪತ್ರಿಕೆಗಳೂ ಅವೇ. ಮತ್ತೆ ಈ ಉಯ್ಯಾಲೆ ಯಾಕೆ? ಅದೇ ಪೂರ್ವ ಆಫ್ರಿಕಾದ ಎರಿಟ್ರಿಯಾವನ್ನು ನೋಡಿ. 2025ರಲ್ಲಿ ಅದು 180ನೇ, ಅಂದರೆ ಕಟ್ಟಕಡೆಯ ಜಾಗದಲ್ಲಿತ್ತು. 2001ರಲ್ಲಿ ಅಲ್ಲಿನ ಖಾಸಗಿ ಪತ್ರಿಕೆಗಳನ್ನೆಲ್ಲ ಒಂದೇ ಏಟಿಗೆ ಮುಚ್ಚಿಸಿದರು. ಅಂಥ ಕಡೆ ಬಿಡಿಸಿ ಹೇಳೋಕೆ ಏನೂ ಉಳಿದಿಲ್ಲ. ಕೆನ್ಯಾದಲ್ಲಿ ಪೇಪರು ದಿನಾ ಬರುತ್ತದೆ, ಟಿವಿಯಲ್ಲಿ ಮಂತ್ರಿಗಳನ್ನು ಮುಖಕ್ಕೆ ಮುಖ ಕೊಟ್ಟು ಕೇಳುತ್ತಾರೆ, ವ್ಯಂಗ್ಯಚಿತ್ರಕಾರರು ಅಧ್ಯಕ್ಷರನ್ನೂ ಬಿಡುವುದಿಲ್ಲ. ಆದರೂ ಯಾವ ದಿನ ಯಾವ ತಂತಿ ಕತ್ತರಿಸುತ್ತಾರೋ ಹೇಳೋಕಾಗಲ್ಲ. ಆ ತಂತಿಗಳು ಯಾವುವು ಅಂತ ಒಂದೊಂದಾಗಿ ನೋಡೋಣ.

ಧಾರವಾಡದಲ್ಲಿ ಓದಿದ ಹುಡುಗ

ಸ್ವಾಹಿಲಿ ಮಾತಾಡುವವರು ಎದುರಾದರೆ ಮೊದಲು ಕೇಳುವುದೇ "ಹಬಾರಿ?" ಅಂತ. ಏನು ಸುದ್ದಿ, ಅಂತ ಅರ್ಥ. ಅರಬ್ಬಿಯ ಆ ಮಾತೇ ನಮ್ಮ ಉತ್ತರ ಕರ್ನಾಟಕದ ಬಾಯಲ್ಲಿ "ಖಬರು" ಆಗಿದೆ. ಮಾತಿನ ಹಾಗೆ ಮನುಷ್ಯರೂ ಸಮುದ್ರ ದಾಟಿ ಹೋದರು, ಪತ್ರಿಕೆಗಳೂ ಹುಟ್ಟಿದವು. ಇವತ್ತು ಕೆನ್ಯಾದ ಎರಡು ದೊಡ್ಡ ಪತ್ರಿಕೆಗಳಲ್ಲಿ ಒಂದಾದ ಸ್ಟ್ಯಾಂಡರ್ಡ್ ಶುರುವಾಗಿದ್ದು 1902ರಲ್ಲಿ, ಮೊಂಬಾಸಾದಲ್ಲಿ. ಶುರು ಮಾಡಿದವರು ಕರಾಚಿಯಿಂದ ಹೋಗಿದ್ದ ವ್ಯಾಪಾರಿ ಅಲಿಭಾಯಿ ಮುಲ್ಲಾ ಜೀವನ್‌ಜೀ. ಮೂರೇ ವರ್ಷದಲ್ಲಿ ಅದನ್ನು ಬಿಳಿಯರಿಗೆ ಮಾರಿದರು. ಅಲ್ಲಿಂದಾಚೆ ಅದು ದಶಕಗಳ ಕಾಲ ಅಲ್ಲಿ ನೆಲೆಸಿದ ಬಿಳಿ ಜಮೀನ್ದಾರರ ಬಾಯಿಯಾಗಿತ್ತು.

ಆಫ್ರಿಕನ್ನರ ಮಾತು ಬಂದಿದ್ದು ಸಣ್ಣ ಸಣ್ಣ ಪತ್ರಿಕೆಗಳಲ್ಲಿ. 1928ರಲ್ಲಿ ಜೋಮೊ ಕೆನ್ಯಾಟ್ಟ ಕಿಕುಯು ಭಾಷೆಯಲ್ಲಿ ಮುಯಿಗ್ವಿಥಾನಿಯಾ ಅನ್ನುವ ಪತ್ರಿಕೆ ನಡೆಸಿದರು. 1945ರಲ್ಲಿ ಹೆನ್ರಿ ಮುವೊರಿಯಾ ಅನ್ನುವ ರೈಲ್ವೆ ಗಾರ್ಡ್ ಕೆಲಸ ಬಿಟ್ಟು ಮುಮೆನ್ಯೆರೆರಿ ಶುರು ಮಾಡಿದರು. ಕಾವಲುಗಾರ ಅಂತ ಅದರ ಅರ್ಥ. ನೈರೋಬಿಯ ಇಂಡಿಯನ್ನರಲ್ಲೂ ಕೆಲವರು ಇವರ ಜೊತೆ ನಿಂತರು. ಗಿರಿಧಾರಿಲಾಲ್ ವಿದ್ಯಾರ್ಥಿ 1933ರಲ್ಲಿ ಕಲೋನಿಯಲ್ ಟೈಮ್ಸ್ ಆರಂಭಿಸಿದವರು. ರಾಜದ್ರೋಹದ ಬರಹಕ್ಕಾಗಿ ಆ ನಾಡಿನಲ್ಲಿ ಜೈಲು ಕಂಡ ಮೊದಲಿಗರಲ್ಲಿ ಒಬ್ಬರು. 1952ರ ಅಕ್ಟೋಬರ್‌ನಲ್ಲಿ ಬ್ರಿಟಿಷರು ತುರ್ತುಪರಿಸ್ಥಿತಿ ಹೇರಿದರು. ಆಫ್ರಿಕನ್ನರ ಪತ್ರಿಕೆಗಳನ್ನು ಸಾಲಾಗಿ ಮುಚ್ಚಿಸಿದರು. ಮುವೊರಿಯಾ ಆಗ ಲಂಡನ್ನಿನಲ್ಲಿದ್ದರು. ಮತ್ತೆ ಊರಲ್ಲಿ ಬಾಳುವ ಯೋಗ ಅವರಿಗೆ ಬರಲೇ ಇಲ್ಲ. 1997ರಲ್ಲಿ ಅಲ್ಲೇ ತೀರಿಕೊಂಡರು.

ಈ ಸಾಲಿನಲ್ಲಿ ನನ್ನನ್ನು ಬಹಳ ಕಾಡುವ ಹೆಸರು ಪಿಯೊ ಗಾಮಾ ಪಿಂಟೊ. 1927ರಲ್ಲಿ ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದ ಹುಡುಗ. ಓದೋಕೆ ಇಂಡಿಯಾಕ್ಕೆ ಕಳಿಸಿದರು. ಗೋವಾದಲ್ಲಿ ಹೈಸ್ಕೂಲು, ಆಮೇಲೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ. ವಾಪಸ್ ಹೋದ ಮೇಲೆ ಡೈಲಿ ಕ್ರಾನಿಕಲ್‌ನಲ್ಲಿ ಕೆಲಸ ಮಾಡಿದರು, ಉಜ್ವಾಡ್ ಅನ್ನುವ ಕೊಂಕಣಿ ಪತ್ರಿಕೆಯನ್ನೂ ನೋಡಿಕೊಂಡರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಮೌ ಮೌ ದಂಗೆಗೆ ನೆರವಾದರು ಅಂತ ಬ್ರಿಟಿಷರು 1954ರಲ್ಲಿ ಹಿಡಿದು ಮಾಂಡಾ ದ್ವೀಪದಲ್ಲಿ ಇಟ್ಟರು. ಬಿಡುಗಡೆಯಾದದ್ದು 1959ರಲ್ಲಿ. ಆಮೇಲೆ, ನೆಹರು ಕೊಡಿಸಿದ ಹಣದ ನೆರವಿನಿಂದ, ಪ್ಯಾನ್ ಆಫ್ರಿಕನ್ ಪ್ರೆಸ್ ಕಟ್ಟಿದರು. ಆಫ್ರಿಕನ್ನರ ಪತ್ರಿಕೆಗೆ ಆಫ್ರಿಕನ್ನರದ್ದೇ ಅಚ್ಚುಕೂಟ ಬೇಕು ಅನ್ನುವುದು ಅವರ ಹಟ. ಅಚ್ಚಿನ ಮೊಳೆ ಇನ್ನೊಬ್ಬರದ್ದಾದರೆ ಅಕ್ಷರವೂ ಇನ್ನೊಬ್ಬರದ್ದೇ ಅಂತ ಅವರಿಗೆ ಗೊತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಟಿವಿಯ ಕಾಲಕ್ಕೆ ಬಂದಾಗ ಬೇಕಾಗುತ್ತದೆ.

1963ರ ಡಿಸೆಂಬರ್ 12ಕ್ಕೆ ಸ್ವಾತಂತ್ರ್ಯ ಬಂತು. ಪಿಂಟೊ ಸಂಸದರಾದರು. 1965ರ ಫೆಬ್ರವರಿ 24ರ ಬೆಳಿಗ್ಗೆ ನೈರೋಬಿಯ ತಮ್ಮ ಮನೆಯೆದುರು, ಕಾರಿನಲ್ಲೇ, ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 37. ಸ್ವತಂತ್ರ ಕೆನ್ಯಾದ ಮೊದಲ ರಾಜಕೀಯ ಕೊಲೆ ಅದು. ಶಿಕ್ಷೆಯಾದದ್ದು ಕಿಸಿಲು ಮುಟುವಾ ಅನ್ನುವ ಒಬ್ಬ ಯುವಕನಿಗೆ. 35 ವರ್ಷ ಜೈಲಿನಲ್ಲಿದ್ದು 2001ರಲ್ಲಿ ಹೊರಬಂದ ಅವನು, ನಾನು ಕೊಂದಿಲ್ಲ, ನನ್ನನ್ನು ಬಲಿಪಶು ಮಾಡಿದರು ಅಂತಲೇ ಹೇಳಿದ. ಕೊಲ್ಲಿಸಿದವರು ಯಾರು ಅಂತ ಇವತ್ತಿಗೂ ಪತ್ತೆಯಾಗಿಲ್ಲ. ಪಿಂಟೊ ಅವರ ಆಪ್ತ ಗೆಳೆಯ ಜೋಸೆಫ್ ಮುರುಂಬಿ 1966ರಲ್ಲಿ ಕೆಲವೇ ತಿಂಗಳು ಉಪಾಧ್ಯಕ್ಷರಾಗಿದ್ದು, ಬೇಸತ್ತು ರಾಜೀನಾಮೆ ಕೊಟ್ಟರು. ಇವರು ಓದಿದ್ದು ಬೆಂಗಳೂರು ಮತ್ತು ಬಳ್ಳಾರಿಯ ಶಾಲೆಗಳಲ್ಲಿ. ಗೆಳೆಯನ ಹತ್ತಿರವೇ ಮಣ್ಣಾಗಬೇಕು ಅನ್ನುವುದು ಅವರ ಆಸೆಯಾಗಿತ್ತು. ನೈರೋಬಿಯ ಸಿಟಿ ಪಾರ್ಕಿನಲ್ಲಿ ಇಬ್ಬರ ಸಮಾಧಿಯೂ ಇದೆ.

ಬಂದೂಕಿನ ಮುಂದೆ ಓದಿದ ವಾರ್ತೆ

ಸ್ವಾತಂತ್ರ್ಯದ ಮರುವರ್ಷವೇ ಸರ್ಕಾರ ರೇಡಿಯೋವನ್ನು ತನ್ನದಾಗಿಸಿಕೊಂಡಿತು. ವಾಯ್ಸ್ ಆಫ್ ಕೆನ್ಯಾ ಅಂತ ಹೆಸರು. ಮುಂದಿನ ಕಾಲು ಶತಮಾನ ದೇಶಕ್ಕೆ ಇದ್ದದ್ದು ಅದೊಂದೇ ದನಿ. ಅಕ್ಷರ ಬಾರದ ಹಳ್ಳಿಗೂ ಮುಟ್ಟುವುದು ರೇಡಿಯೋ ಮಾತ್ರ. ಹಾಗಾಗಿ ಅಧಿಕಾರ ಅಂದರೆ ರೇಡಿಯೋ ಅಂತಲೇ ಆಗಿತ್ತು. 1982ರ ಆಗಸ್ಟ್ 1ರ ನಸುಕಿನಲ್ಲಿ ವಾಯುಪಡೆಯ ಕಿರಿಯ ಸೈನಿಕರು ದಂಗೆಯೆದ್ದರು. ಅವರು ನೇರ ಹೋಗಿ ಹಿಡಿದ ಜಾಗಗಳಲ್ಲಿ ಒಂದು ರೇಡಿಯೋ ಸ್ಟೇಷನ್ನು. ದೇಶಕ್ಕೆಲ್ಲ ಪರಿಚಯವಿದ್ದ ವಾರ್ತಾವಾಚಕ ಲಿಯೊನಾರ್ಡ್ ಮಾಂಬೊ ಎಂಬೊಟೆಲಾ ಅವರನ್ನು ಮನೆಯಿಂದ ಎಬ್ಬಿಸಿ ಕರೆತಂದು, ಬಂದೂಕು ಹಿಡಿದು ನಿಂತು, ಸರ್ಕಾರ ಬಿತ್ತು ಅಂತ ಓದಿಸಿದರು. ಅದೇ ದಿನ ನಿಷ್ಠಾವಂತ ಸೈನ್ಯ ಬಂದು ಸ್ಟೇಷನ್ನನ್ನು ವಾಪಸ್ ಪಡೆಯಿತು. ಸರ್ಕಾರ ಬಿದ್ದಿಲ್ಲ ಅಂತ ಮತ್ತೆ ಓದಿದವರೂ ಎಂಬೊಟೆಲಾ ಅವರೇ. ಒಂದೇ ದನಿ, ಒಂದೇ ಮೈಕು, ಒಂದೇ ದಿನ. ಇದಕ್ಕಿಂತ ಚೆನ್ನಾಗಿ ಸರ್ಕಾರಿ ಮಾಧ್ಯಮ ಅಂದರೆ ಏನು ಅಂತ ವಿವರಿಸೋಕೆ ನನಗೆ ಬರಲ್ಲ.

ಆಗ ಅಧ್ಯಕ್ಷರಾಗಿದ್ದವರು ಡೇನಿಯಲ್ ಅರಪ್ ಮೊಯ್. ದಿನದ ವಾರ್ತೆ ಶುರುವಾಗುತ್ತಿದ್ದದ್ದೇ "ಮ್ಟುಕುಫು ರಾಯಿಸ್" ಅಂತ, ಅಂದರೆ ಘನತೆವೆತ್ತ ಅಧ್ಯಕ್ಷರು. ಭೂಕಂಪವಾದರೂ ಅದು ಎರಡನೇ ಸುದ್ದಿ ಅಂತ ಜನ ನಗಾಡಿದರೆ ಆಶ್ಚರ್ಯವಿಲ್ಲ. ದಂಗೆಯ ವರ್ಷವೇ, ಆಳುತ್ತಿದ್ದ ಕಾನು ಪಕ್ಷ ಬಿಟ್ಟರೆ ಬೇರೆ ಪಕ್ಷ ಕೂಡದು ಅಂತ ಕಾನೂನಾಯಿತು. 1986ರಲ್ಲಿ ದೇಶವನ್ನು ನಗಿಸುತ್ತಿದ್ದ ಅಂಕಣಕಾರ ವಹೊಮೆ ಮುಟಾಹಿ ಜೈಲು ಸೇರಿದರು. 1988ರ ಚುನಾವಣೆಗೆ ಕಾನು ಟಿಕೆಟ್ ಯಾರಿಗೆ ಅಂತ ಆರಿಸುವ ಸುತ್ತಿನಲ್ಲಿ ಮತಪತ್ರವೇ ಇರಲಿಲ್ಲ. ಅಭ್ಯರ್ಥಿಯ ಹಿಂದೆ ಜನ ಸಾಲು ನಿಲ್ಲಬೇಕಿತ್ತು. ಅದಕ್ಕೆ ಮ್ಲೊಲೊಂಗೊ ಅನ್ನುತ್ತಾರೆ. ಚಿಕ್ಕ ಸಾಲಿನವರು ಗೆದ್ದು ಉದ್ದ ಸಾಲಿನವರು ಸೋತಿದ್ದನ್ನು ಚರ್ಚುಗಳ ಒಕ್ಕೂಟದ ಬಿಯಾಂಡ್ ಪತ್ರಿಕೆ ಬರೆಯಿತು. ಪತ್ರಿಕೆ ನಿಷೇಧವಾಯಿತು, ಸಂಪಾದಕ ಬೇಡನ್ ಎಂಬುಗುವಾ ಜೈಲಿಗೆ ಹೋದರು. ಮರುವರ್ಷ ದೇಶದ ಅತಿ ದೊಡ್ಡ ಪತ್ರಿಕೆ ನೇಷನ್‌ಗೆ ಸಂಸತ್ತಿನ ಬಾಗಿಲು ಮುಚ್ಚಿದರು. ತಿಂಗಳುಗಟ್ಟಲೆ ಅದರ ವರದಿಗಾರರು ಒಳಗೆ ಹೋಗುವಂತಿರಲಿಲ್ಲ.

ಈ ಕತ್ತಲಲ್ಲಿ ವಕೀಲರ ಪತ್ರಿಕೆಯೊಂದು ದೀಪದ ಹಾಗೆ ಇತ್ತು. ಗಿಟೊಬು ಇಮನ್ಯಾರಾ 1987ರಲ್ಲಿ ಶುರು ಮಾಡಿದ ನೈರೋಬಿ ಲಾ ಮಂತ್ಲಿ. ಹೆಸರು ಕೇಳಿದರೆ ನಿದ್ದೆ ಬರುವಂಥದ್ದು. ಆದರೆ ಕಾನೂನಿನ ಚರ್ಚೆ ಅನ್ನುವ ಹೊದಿಕೆಯೊಳಗೆ ಬಹುಪಕ್ಷ ಪ್ರಜಾಪ್ರಭುತ್ವದ ವಾದವೇ ನಡೆಯುತ್ತಿತ್ತು. 1990ರಲ್ಲಿ ಅದನ್ನೂ ನಿಷೇಧಿಸಿದರು, ಇಮನ್ಯಾರಾ ಮತ್ತೆ ಮತ್ತೆ ಜೈಲಿಗೆ ಹೋಗಿ ಬಂದರು. 1991ರ ಡಿಸೆಂಬರ್‌ನಲ್ಲಿ, ಒಳಗಿನ ಹೋರಾಟ ಮತ್ತು ಸಾಲ ಕೊಡುವ ದೇಶಗಳ ಒತ್ತಡ ಎರಡೂ ಸೇರಿ, ಮೊಯ್ ಬೇರೆ ಪಕ್ಷಗಳಿಗೆ ಅವಕಾಶ ಕೊಡಲೇಬೇಕಾಯಿತು.

ತಾಯ್ನುಡಿಯ ರೇಡಿಯೋ

ಆಮೇಲೆ ಬಾಗಿಲು ನಿಧಾನಕ್ಕೆ ತೆರೆಯಿತು. 1990ರಲ್ಲಿ ಮೊದಲ ಖಾಸಗಿ ಟಿವಿ ಕೆಟಿಎನ್ ಬಂದಿತ್ತು. 1996ರಲ್ಲಿ ಖಾಸಗಿ ಎಫ್‌ಎಂ ಕ್ಯಾಪಿಟಲ್. 2000ರಲ್ಲಿ ಕಿಕುಯು ಭಾಷೆಯ ಕಾಮೆಮೆ ಬಂದಾಗ ನಿಜವಾದ ಬದಲಾವಣೆ ಶುರುವಾಯಿತು. ಅಲ್ಲಿಯವರೆಗೆ ದೊಡ್ಡ ಸುದ್ದಿ ಇಂಗ್ಲಿಷ್ ಅಥವಾ ಸ್ವಾಹಿಲಿಯಲ್ಲೇ ಇರಬೇಕು ಅನ್ನುವ ರೂಢಿ. ಆಮೇಲೆ ಲುವೊ ಜನರಿಗೆ ರಮೋಗಿ, ಕಂಬಾ ಜನರಿಗೆ ಮುಸ್ಯಿ, ಕಲೆಂಜಿನ್ ಜನರಿಗೆ ಕಾಸ್, ಹೀಗೆ ಸ್ಟೇಷನ್ನುಗಳು ಎದ್ದವು. ಹೊಲದಲ್ಲಿದ್ದ ಅಜ್ಜಿಯೂ ಫೋನ್ ಮಾಡಿ ಶಾಸಕನನ್ನು ತನ್ನ ಮಾತಲ್ಲೇ ಬೈಯಬಹುದು. ಎಂಥ ಸುಖ, ಅಲ್ವಾ?

ಆದರೆ 2007ರ ಡಿಸೆಂಬರ್ ಚುನಾವಣೆಯ ಗಲಭೆಯಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು. ಕುಲಕುಲಗಳ ಹೊಡೆದಾಟದಲ್ಲಿ ಕೆಲವು ಸ್ಟೇಷನ್ನುಗಳ ಮಾತೂ ಎಣ್ಣೆ ಸುರಿಯಿತು ಅನ್ನುವ ಆರೋಪ ಬಂತು. ಕಾಸ್ ಎಫ್‌ಎಂನ ನಿರೂಪಕ ಜೋಶುವಾ ಅರಪ್ ಸಾಂಗ್ ಅವರನ್ನು ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಕಟಕಟೆಗೆ ತಂದರು. ಜೊತೆಯ ಆರೋಪಿ ಯಾರು ಗೊತ್ತಾ? ಈಗಿನ ಅಧ್ಯಕ್ಷ ವಿಲಿಯಂ ರೂಟೊ. ಇಬ್ಬರೂ ಆರೋಪ ಅಲ್ಲಗಳೆದರು. 2016ರ ಏಪ್ರಿಲ್‌ನಲ್ಲಿ ಸಾಕ್ಷ್ಯ ಸಾಲದೆ ನ್ಯಾಯಾಲಯ ಪ್ರಕರಣ ನಿಲ್ಲಿಸಿತು.

ಆ ಗಲಭೆ ಕೆನ್ಯಾದ ಪತ್ರಕರ್ತರ ಮನಸ್ಸಿನಲ್ಲಿ ಒಂದು ಹೆದರಿಕೆ ಬಿಟ್ಟುಹೋಯಿತು. ನಾವು ಬರೆದರೆ ಬೆಂಕಿ ಹತ್ತೀತು ಅನ್ನುವ ಹೆದರಿಕೆ. ಆಮೇಲಿನ ಪ್ರತಿ ಚುನಾವಣೆಯಲ್ಲೂ ಸರ್ಕಾರ ಅದನ್ನೇ ಬಳಸಿಕೊಂಡಿದೆ. ಶಾಂತಿ ಅಂದರೆ ಪ್ರಶ್ನೆ ಕೇಳದೇ ಇರುವುದು ಅಂತ ಆಗಿಬಿಟ್ಟಿತು.

ಮಧ್ಯೆ ಒಂದು ರಾತ್ರಿಯ ಕಥೆ ಹೇಳಲೇಬೇಕು. 2006ರ ಮಾರ್ಚ್ 2. ಮುಖಕ್ಕೆ ಮುಸುಕು ಹಾಕಿದ ಪೊಲೀಸರು ಸ್ಟ್ಯಾಂಡರ್ಡ್ ಪತ್ರಿಕೆಯ ಅಚ್ಚುಕೂಟಕ್ಕೆ ನುಗ್ಗಿ, ಬೆಳಗಿಗೆ ಹೋಗಬೇಕಿದ್ದ ಪ್ರತಿಗಳಿಗೆ ಬೆಂಕಿ ಹಚ್ಚಿದರು. ಅದೇ ಸಂಸ್ಥೆಯ ಕೆಟಿಎನ್ ಕಚೇರಿಗೆ ನುಗ್ಗಿ ಚಾನೆಲ್ಲು ನಿಲ್ಲಿಸಿದರು. ಒಳಾಡಳಿತ ಭದ್ರತೆಯ ಮಂತ್ರಿ ಜಾನ್ ಮಿಚುಕಿ ತಾವು ಮಾಡಿಸಿಲ್ಲ ಅನ್ನಲಿಲ್ಲ. ಹಾವನ್ನು ಕೆಣಕಿದರೆ ಕಚ್ಚಿಸಿಕೊಳ್ಳೋಕೆ ತಯಾರಿರಬೇಕು ಅಂದರು. ಆ ಮಾತು ಕೆನ್ಯಾದಲ್ಲಿ ಗಾದೆಯ ಹಾಗೆ ಉಳಿದಿದೆ.

ಸಂವಿಧಾನ ಕೊಟ್ಟಿತು, ಟವರ್ ಕಿತ್ತುಕೊಂಡಿತು

2010ರ ಆಗಸ್ಟ್ 27ರಂದು ಕೆನ್ಯಾದ ಹೊಸ ಸಂವಿಧಾನ ಜಾರಿಗೆ ಬಂತು. ಅದರ 33ನೇ ವಿಧಿ ಮಾತಿನ ಸ್ವಾತಂತ್ರ್ಯಕ್ಕೆ, 35ನೇ ವಿಧಿ ಮಾಹಿತಿ ಹಕ್ಕಿಗೆ. ನಡುವಿನ 34ನೇ ವಿಧಿ ಪೂರ್ತಿ ಮಾಧ್ಯಮಕ್ಕೇ ಮೀಸಲು. ಪ್ರಸಾರ ಮಾಡುವವರ ಮೇಲೆ, ಪತ್ರಿಕೆ ಹೊರಡಿಸುವವರ ಮೇಲೆ ಸರ್ಕಾರ ಹಿಡಿತ ಇಡಬಾರದು, ಕೈ ಹಾಕಬಾರದು, ಅಭಿಪ್ರಾಯಕ್ಕಾಗಿ ಶಿಕ್ಷಿಸಬಾರದು ಅಂತ ನೇರವಾಗಿ ಬರೆದಿದೆ. ಯುದ್ಧದ ಪ್ರಚಾರ, ಹಿಂಸೆಗೆ ಕುಮ್ಮಕ್ಕು, ದ್ವೇಷದ ಮಾತು, ಇವಕ್ಕೆ ಮಾತ್ರ ರಕ್ಷಣೆ ಇಲ್ಲ. 2017ರಲ್ಲಿ ಹೈಕೋರ್ಟು ಮಾನಹಾನಿಯನ್ನು ಕ್ರಿಮಿನಲ್ ಅಪರಾಧ ಮಾಡುವ ಕಾನೂನನ್ನೂ ಹೊಡೆದುಹಾಕಿತು. ಬೇಕಾದರೆ ಸಿವಿಲ್ ದಾವೆ ಹಾಕಿ ಪರಿಹಾರ ಕೇಳಿ, ಜೈಲಿಗೆ ಕಳಿಸೋ ಹಾಗಿಲ್ಲ ಅಂತ. ಓದಿದರೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿದೆ.

ಆದರೆ ಅದೇ 34ನೇ ವಿಧಿಯಲ್ಲಿ ಒಂದು ಸಣ್ಣ ಕಿಂಡಿ ಇದೆ. ಪ್ರಸಾರಕ್ಕೆ ಬೇಕಾದ ತರಂಗಗಳನ್ನು, ಸಿಗ್ನಲ್ ಹಂಚಿಕೆಯನ್ನು ನಿಭಾಯಿಸೋಕೆ ಲೈಸೆನ್ಸು ಇರಬಹುದು ಅಂತ. ತಪ್ಪೇನಿಲ್ಲ, ಆಕಾಶದಲ್ಲಿ ಎಲ್ಲರೂ ಒಂದೇ ಸಲ ಕೂಗಿದರೆ ಯಾರಿಗೂ ಕೇಳಿಸಲ್ಲ. ಆದರೆ ಆಟವೆಲ್ಲ ನಡೆಯುವುದು ಈ ಕಿಂಡಿಯಲ್ಲೇ.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ. ಹಳೇ ಅನಲಾಗ್ ಕಾಲದಲ್ಲಿ ದೊಡ್ಡ ಚಾನೆಲ್ಲುಗಳು ತಮ್ಮದೇ ಟ್ರಾನ್ಸ್‌ಮಿಟರ್ ಇಟ್ಟುಕೊಂಡಿದ್ದವು. ಡಿಜಿಟಲ್‌ಗೆ ಬದಲಾದಾಗ ಚಾನೆಲ್ಲು ಬೇರೆ, ಸಿಗ್ನಲ್ ಹಂಚುವವರು ಬೇರೆ ಅಂತಾಯಿತು. ನೀವು ಹಾಲು ಕರೆಯಿರಿ, ಮನೆಮನೆಗೆ ಹಾಕೋದು ನಾವು ಅಂದ ಹಾಗೆ. ಹಂಚುವ ಲೈಸೆನ್ಸು ಮೊದಲು ಸಿಕ್ಕಿದ್ದು ಸರ್ಕಾರಿ ಪ್ರಸಾರ ಸಂಸ್ಥೆ ಕೆಬಿಸಿಯ ಸಿಗ್ನೆಟ್‌ಗೆ ಮತ್ತು ಒಂದು ಚೀನೀ ಕಂಪನಿಗೆ. ನೇಷನ್, ಸ್ಟ್ಯಾಂಡರ್ಡ್, ರಾಯಲ್ ಮೀಡಿಯಾ, ಈ ಮೂರು ದೊಡ್ಡ ಸಂಸ್ಥೆಗಳು ಜಗಳಕ್ಕೆ ಬಿದ್ದವು. ನಮ್ಮ ಹಾಲನ್ನು ನಾವೇ ಹಾಕ್ತೀವಿ ಅಂತ. ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2015ರ ಫೆಬ್ರವರಿಯಲ್ಲಿ ಅನಲಾಗ್ ನಿಲ್ಲಿಸಿದಾಗ ಈ ಸಂಸ್ಥೆಗಳ ಚಾನೆಲ್ಲುಗಳು ಎರಡು ವಾರಕ್ಕೂ ಹೆಚ್ಚು ಕಾಲ ಪರದೆಯಿಂದ ಮಾಯವಾಗಿದ್ದವು. ಕೊನೆಗೆ ಅವರದ್ದೇ ಹಂಚಿಕೆ ಕಂಪನಿ ಶುರುವಾಯಿತು. ಆಗ ಅನೇಕರು ಇದನ್ನು ಬರೀ ದುಡ್ಡಿನ ಜಗಳ ಅಂದುಕೊಂಡರು. ದುಡ್ಡೂ ಇತ್ತು, ಇಲ್ಲ ಅನ್ನಲ್ಲ. ಆದರೆ ಇದು ಪಿಂಟೊ ಅವರ ಅಚ್ಚುಕೂಟದ ಪ್ರಶ್ನೆಯೇ. ಮೊಳೆ ಜೋಡಿಸುವ ಕೈ ಯಾರದ್ದು?

ಉತ್ತರ 2018ರ ಜನವರಿ 30ಕ್ಕೆ ಸಿಕ್ಕಿತು. ಹಿಂದಿನ ವರ್ಷದ ಚುನಾವಣೆಯನ್ನು ಒಪ್ಪದ ವಿರೋಧ ಪಕ್ಷದ ನಾಯಕ ರೈಲಾ ಒಡಿಂಗಾ, ನೈರೋಬಿಯ ಉಹುರು ಪಾರ್ಕಿನಲ್ಲಿ ಸಾವಿರಾರು ಜನರ ಮುಂದೆ ತಮ್ಮನ್ನು ತಾವೇ ಜನರ ಅಧ್ಯಕ್ಷ ಅಂತ ಪ್ರಮಾಣ ಮಾಡಿಕೊಂಡರು. ನೇರ ಪ್ರಸಾರ ಮಾಡಬೇಡಿ ಅಂತ ಸರ್ಕಾರ ಮೊದಲೇ ಎಚ್ಚರಿಸಿತ್ತು. ನೇಷನ್‌ನ ಎನ್‌ಟಿವಿ, ಸ್ಟ್ಯಾಂಡರ್ಡ್‌ನ ಕೆಟಿಎನ್, ರಾಯಲ್ ಮೀಡಿಯಾದ ಸಿಟಿಜನ್ ಕೇಳಲಿಲ್ಲ. ಪ್ರಸಾರದ ಲೈಸೆನ್ಸು ನೋಡಿಕೊಳ್ಳುವ ಸಂವಹನ ಪ್ರಾಧಿಕಾರದ ಅಧಿಕಾರಿಗಳು ಪೊಲೀಸರ ಜೊತೆ ನೈರೋಬಿ ಹೊರಗಿನ ಲಿಮುರುವಿಗೆ ಹೋದರು. ಅಲ್ಲಿನ ಗುಡ್ಡದ ಮೇಲೆ ಪ್ರಸಾರದ ಟವರುಗಳಿವೆ. ಸ್ವಿಚ್ಚು ಆರಿಸಿದರು. ಪತ್ರಿಕೆ ಸುಡಬೇಕಿಲ್ಲ, ಮುಸುಕು ಬೇಕಿಲ್ಲ, ಸಂಪಾದಕನನ್ನು ಹಿಡಿಯಬೇಕಿಲ್ಲ. ಎನ್‌ಟಿವಿಯ ಕೆಲವು ಪತ್ರಕರ್ತರು ಬಂಧನದ ಭಯದಿಂದ ಒಂದು ರಾತ್ರಿ ಕಚೇರಿಯಲ್ಲೇ ಕಳೆದರು.

ಒಕಿಯಾ ಒಮ್ಟಾಟಾ ಅನ್ನುವ ಹೋರಾಟಗಾರ ಕೋರ್ಟಿಗೆ ಹೋದರು. ಫೆಬ್ರವರಿ 1ರಂದು ಹೈಕೋರ್ಟು ಚಾನೆಲ್ಲುಗಳನ್ನು ಬಿಡಿ ಅಂತ ಆದೇಶ ಕೊಟ್ಟಿತು. ಸರ್ಕಾರ ಕಿವಿಗೇ ಹಾಕಿಕೊಳ್ಳಲಿಲ್ಲ. ಎನ್‌ಟಿವಿ, ಕೆಟಿಎನ್ ವಾಪಸ್ ಬಂದದ್ದು ಫೆಬ್ರವರಿ 5ಕ್ಕೆ. ಸಿಟಿಜನ್ ಇನ್ನೂ ತಡವಾಗಿ.

ಗಿಥೇರಿ ಮತ್ತು ಜಾಹೀರಾತು

ಸ್ವಿಚ್ಚು ಆರಿಸಿದರೆ ಲೋಕಕ್ಕೆಲ್ಲ ಕಾಣುತ್ತದೆ. ಕಾಣದ ಹಾಗೆ ಮಾಡುವ ದಾರಿ ಇನ್ನೊಂದಿದೆ. ಕೆನ್ಯಾದ ಪತ್ರಿಕೆಗಳಿಗೆ ಬರುವ ಜಾಹೀರಾತಿನಲ್ಲಿ ಸರ್ಕಾರದ ಪಾಲು ಬಹಳ ದೊಡ್ಡದು. ಟೆಂಡರು, ನೇಮಕಾತಿ, ಪ್ರಕಟಣೆ, ಎಲ್ಲವೂ. 2015ರಲ್ಲಿ ಸರ್ಕಾರ ಇದನ್ನೆಲ್ಲ ಒಂದೇ ಏಜೆನ್ಸಿಯ ಕೈಗೆ ಕೊಟ್ಟಿತು. ಖರ್ಚು ಉಳಿಸೋಕೆ ಅಂತ ಕಾರಣ. ಆದರೆ ಯಾವ ಪತ್ರಿಕೆಗೆ ಎಷ್ಟು ಅನ್ನುವುದೂ, ಬಿಲ್ಲು ಯಾವಾಗ ಪಾಸಾಗುತ್ತದೆ ಅನ್ನುವುದೂ ಒಂದೇ ಮೇಜಿಗೆ ಬಂತು. ಬಾಕಿ ವರ್ಷಗಟ್ಟಲೆ ಬೆಳೆಯಿ‌ತು. ಸಾಲ ಕೊಟ್ಟವನು ಸಾಲಗಾರನಿಗೆ ಹೆದರುವ ವಿಚಿತ್ರ ಪರಿಸ್ಥಿತಿ. 2024ರ ಮಾರ್ಚ್‌ನಲ್ಲಿ ರೂಟೊ ಸರ್ಕಾರ ಇಲಾಖೆಗಳ ರೇಡಿಯೋ, ಟಿವಿ ಜಾಹೀರಾತೆಲ್ಲ ಕೆಬಿಸಿಗೇ ಹೋಗಬೇಕು ಅಂತ ಸುತ್ತೋಲೆ ಹೊರಡಿಸಿತು.

ಇದರ ಫಲ ಏನು ಅಂತ 2016ರ ಮೊದಲ ವಾರದಲ್ಲೇ ಕಂಡಿತ್ತು. ನೇಷನ್‌ನ ಹಿರಿಯ ಸಂಪಾದಕ ಡೆನಿಸ್ ಗಲಾವಾ ಹೊಸ ವರ್ಷಕ್ಕೆ ಅಧ್ಯಕ್ಷರನ್ನು ನೇರ ಟೀಕಿಸುವ ಸಂಪಾದಕೀಯ ಬರೆದರು. ಕೆಲಸ ಹೋಯಿತು. ಬರಹ ಒಳಗಿನ ಕ್ರಮದಂತೆ ಒಪ್ಪಿಗೆ ಪಡೆದಿರಲಿಲ್ಲ ಅಂತ ಸಂಸ್ಥೆಯ ಸಮಜಾಯಿಷಿ. ಅದೇ ವರ್ಷ ಆಫ್ರಿಕಾದ ಹೆಸರಾಂತ ವ್ಯಂಗ್ಯಚಿತ್ರಕಾರ ಗಾಡೊ ಅವರ ಒಪ್ಪಂದವನ್ನು ಆ ಪತ್ರಿಕೆ ಮುಂದುವರಿಸಲಿಲ್ಲ. 2018ರ ಮಾರ್ಚ್‌ನಲ್ಲಿ ಎಂಟು ಅಂಕಣಕಾರರು, ಇಲ್ಲಿ ಸ್ವಾತಂತ್ರ್ಯ ಉಳಿದಿಲ್ಲ ಅಂತ ಒಟ್ಟಿಗೇ ಹೊರನಡೆದರು.

ಮಾಲೀಕರು ಯಾರು ಅಂತ ನೋಡಿದರೆ ಇನ್ನಷ್ಟು ಅರ್ಥವಾಗುತ್ತದೆ. ನೇಷನ್ ಅನ್ನು ಕಟ್ಟಿದ್ದು ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ನಾಲ್ಕನೇ ಆಗಾ ಖಾನ್, ಸ್ವಾತಂತ್ರ್ಯಕ್ಕೆ ಸ್ವಲ್ಪ ಮುಂಚೆ, 1959-60ರ ಹೊತ್ತಿಗೆ. ಆಸ್ಪತ್ರೆ, ಶಾಲೆ, ಹೋಟೆಲ್ಲು ಎಲ್ಲ ಇರುವ ಮನೆತನ. ಅಂಥವರಿಗೆ ಸರ್ಕಾರದ ಜೊತೆ ಪೂರ್ತಿ ಜಗಳ ಕಷ್ಟ. ಬಿಳಿಯರ ಸ್ಟ್ಯಾಂಡರ್ಡ್ ಕೊನೆಗೆ ಮೊಯ್ ಕುಟುಂಬದ ನಂಟಿರುವವರ ಕೈ ಸೇರಿತು. ಕೆನ್ಯಾಟ್ಟ ಕುಟುಂಬದ್ದು ಆಗಲೇ ಹೇಳಿದೆ. ಸಿಟಿಜನ್ ಮತ್ತು ಹತ್ತಾರು ತಾಯ್ನುಡಿ ರೇಡಿಯೋ ಇರುವ ರಾಯಲ್ ಮೀಡಿಯಾ ಉದ್ಯಮಿ ಎಸ್. ಕೆ. ಮಚಾರಿಯಾ ಅವರದ್ದು.

ಈ ಕೂಟಕ್ಕೆ ಜನ ಇಟ್ಟ ಹೆಸರು ಗಿಥೇರಿ ಮೀಡಿಯಾ. ಗಿಥೇರಿ ಅಂದರೆ ಮುಸುಕಿನ ಜೋಳ, ಹುರುಳಿಕಾಯಿ ಬೀಜ ಒಟ್ಟಿಗೆ ಬೇಯಿಸಿದ ಬಡವರ ಊಟ. ತಿನ್ನಿಸಿದವರ ಪರ ಬರೆಯುವವರು ಅಂತ ಕುಹಕ. 2022ರ ಚುನಾವಣೆಯಲ್ಲಿ ಈ ಮಾತನ್ನು ಜೋರಾಗಿ ಬಳಸಿದವರು ರೂಟೊ ಬೆಂಬಲಿಗರು. ಗೆದ್ದು ಅಧಿಕಾರಕ್ಕೆ ಬಂದ ಮೇಲೆ ಅವರಿಗೂ ಅದೇ ಅಡುಗೆಮನೆಯ ಕೀಲಿ ಸಿಕ್ಕಿತು, ಬಿಡಿ.

ಇನ್ನು ಕೆಳಗಿನವರ ಪಾಡು. ಜಿಲ್ಲೆಗಳ ಸುದ್ದಿ ತರುವವರಲ್ಲಿ ಬಹಳಷ್ಟು ಜನರಿಗೆ ಸಂಬಳವಿಲ್ಲ, ಸುದ್ದಿಗಿಷ್ಟು ಅಂತ ಕೊಡುತ್ತಾರೆ. ಅಪಾಯ ಮಾತ್ರ ಪೂರ್ತಿ. ಪೊಲೀಸರ ಮನೆ ಕಟ್ಟುವ ಕಾಮಗಾರಿಯ ಭ್ರಷ್ಟಾಚಾರ ಬರೆದ ಫ್ರಾನ್ಸಿಸ್ ನ್ಯಾರೂರಿ 2009ರ ಜನವರಿಯಲ್ಲಿ ಕೊಲೆಯಾದರು. ಎಲ್ಡೊರೆಟ್‌ನ ಮಿರರ್ ವೀಕ್ಲಿ ಸಂಪಾದಕ ಜಾನ್ ಕಿಟುಯಿ 2015ರ ಏಪ್ರಿಲ್ 30ರಂದು, ಮನೆಗೆ ನಡೆದು ಹೋಗುವಾಗ.

ಯಾರೂ ಹೇಳದೆ ನಿಂತ ಎಣಿಕೆ

ಸ್ವಿಚ್ಚು, ದುಡ್ಡು ಎರಡನ್ನೂ ಮೀರಿದ್ದು ಮೂರನೆಯದು. 2022ರ ಆಗಸ್ಟ್ ಚುನಾವಣೆಯಲ್ಲಿ ಆಯೋಗ ಒಂದು ಒಳ್ಳೆಯ ಕೆಲಸ ಮಾಡಿತು. 46,000ಕ್ಕೂ ಹೆಚ್ಚು ಮತಗಟ್ಟೆಗಳ ಫಲಿತಾಂಶದ ಹಾಳೆಗಳನ್ನು ಯಾರು ಬೇಕಾದರೂ ನೋಡುವ ಹಾಗೆ ಅಂತರ್ಜಾಲದಲ್ಲಿ ಹಾಕಿತು. ಚಾನೆಲ್ಲುಗಳು ಕೂಡಿ ಲೆಕ್ಕ ಹಾಕೋಕೆ ಶುರು ಮಾಡಿದವು. ಒಂದೊಂದರಲ್ಲಿ ಒಂದೊಂದು ಅಂಕಿ, ಯಾಕಂದರೆ ಒಬ್ಬೊಬ್ಬರು ಒಂದೊಂದು ಕಡೆಯಿಂದ ಹಾಳೆ ಎತ್ತಿಕೊಂಡಿದ್ದರು. ನಿಧಾನಕ್ಕೆ ಎಣಿಕೆ ಕುಂಟಿತು. ಆಮೇಲೆ, ಅಧಿಕೃತ ಫಲಿತಾಂಶಕ್ಕೆ ಮುಂಚೆಯೇ, ನಿಂತೇ ಹೋಯಿತು. ಲಿಮುರುವಿಗೆ ಯಾರೂ ಹೋಗಬೇಕಾಗಲಿಲ್ಲ. 2007ರ ನೆನಪೇ ಸಾಕಾಯಿತು ಅಂತ ನನಗನ್ನಿಸುತ್ತದೆ. ಎಲ್ಲರ ಕಣ್ಣ ಮುಂದೆ ಹಾಳೆ ಇದ್ದರೂ ಕೂಡಿಸಿ ಹೇಳುವ ಧೈರ್ಯ ಬರಲಿಲ್ಲ.

ಹೊಸ ತಲೆಮಾರು ಇದನ್ನು ಗಮನಿಸಿತ್ತು. 2024ರಲ್ಲಿ ತೆರಿಗೆ ಏರಿಸುವ ಹಣಕಾಸು ಮಸೂದೆ ಬಂದಾಗ ಹುಡುಗ ಹುಡುಗಿಯರು ಪತ್ರಿಕೆಗಾಗಿ ಕಾಯಲಿಲ್ಲ. ಮಸೂದೆಯನ್ನು ಸ್ವಾಹಿಲಿಗೆ, ತಮ್ಮ ತಮ್ಮ ತಾಯ್ನುಡಿಗೆ ತಂದು ಟಿಕ್‌ಟಾಕ್‌ನಲ್ಲಿ ಬಿಡಿಸಿ ಹೇಳಿದರು. ಎಕ್ಸ್‌ನ ಸ್ಪೇಸ್‌ಗಳಲ್ಲಿ ರಾತ್ರಿಯೆಲ್ಲ ಚರ್ಚೆ. ಜೂನ್ 25ರಂದು ಸಂಸತ್ತಿನ ಒಳಗೇ ನುಗ್ಗಿದರು. ಪೊಲೀಸರು ಗುಂಡು ಹಾರಿಸಿದರು. ಆ ದಿನಗಳ ಪ್ರತಿಭಟನೆಯಲ್ಲಿ ಹತ್ತಾರು ಜನ ಸತ್ತರು. ಮರುದಿನ ರೂಟೊ ಮಸೂದೆ ಕೈಬಿಟ್ಟರು.

ಅಲ್ಲಿಂದ ಸರ್ಕಾರದ ಕಣ್ಣು ಫೋನಿನ ಮೇಲೆ ಬಿತ್ತು. ಆಯುಧ ಮೊದಲೇ ತಯಾರಿತ್ತು. 2018ರ ಸೈಬರ್ ಅಪರಾಧ ಕಾಯ್ದೆಯ ಪ್ರಕಾರ ಸುಳ್ಳು ಸುದ್ದಿ ಹಾಕಿದರೆ 50 ಲಕ್ಷ ಶಿಲ್ಲಿಂಗ್‌ವರೆಗೆ ದಂಡ, ಅದರಿಂದ ಜನ ಗಾಬರಿಯಾದರೆ 10 ವರ್ಷದವರೆಗೆ ಜೈಲು ಅಂತಿತ್ತು. ಸುಳ್ಳು ಯಾವುದು ಅಂತ ಮೊದಲು ತೀರ್ಮಾನಿಸುತ್ತಿದ್ದವರು ಪೊಲೀಸರು. 2025ರ ಜೂನ್‌ನಲ್ಲಿ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರ ಬಗ್ಗೆ ಎಕ್ಸ್‌ನಲ್ಲಿ ಬರೆದ ಆರೋಪಕ್ಕೆ 31 ವರ್ಷದ ಒಬ್ಬ ಶಿಕ್ಷಕ-ಬ್ಲಾಗರ್‌ನನ್ನು ಪಶ್ಚಿಮದ ಹೋಮಾ ಬೇಯಿಂದ ನೈರೋಬಿಗೆ ಎತ್ತಿಕೊಂಡು ಬಂದರು. ಮರುದಿನಕ್ಕೆ ಅವನು ಠಾಣೆಯಲ್ಲೇ ಸತ್ತಿದ್ದ. ತಲೆಯನ್ನು ತಾನೇ ಗೋಡೆಗೆ ಚಚ್ಚಿಕೊಂಡ ಅಂದರು ಪೊಲೀಸರು. ಕುತ್ತಿಗೆ ಅದುಮಿದ ಗುರುತುಗಳಿವೆ, ಬೇರೆ ಗಾಯಗಳಿವೆ ಅಂತು ಮರಣೋತ್ತರ ಪರೀಕ್ಷೆ. ಅವನು ಪತ್ರಕರ್ತನಾ ಅಲ್ವಾ ಅಂತ ವಾದ ಮಾಡುವವರಿದ್ದಾರೆ. ಕಾರ್ಡು ಇಲ್ಲದವನು ಬರೆದ ಮಾತಿಗೂ ಜೀವ ತೆರಬೇಕಾದರೆ ಆ ವಾದಕ್ಕೆ ಏನರ್ಥ?

ಆ ಸಾವಿನ ಸಿಟ್ಟು ಆರುವ ಮೊದಲೇ ಸಂಸತ್ ಘಟನೆಯ ಮೊದಲ ವರ್ಷ ಬಂತು. 2025ರ ಜೂನ್ 25. ಬೀದಿ ತುಂಬಿತು. ಪ್ರತಿಭಟನೆಯ ನೇರ ಪ್ರಸಾರ ನಿಲ್ಲಿಸಿ ಅಂತ ಸಂವಹನ ಪ್ರಾಧಿಕಾರ ಆದೇಶ ಕೊಟ್ಟಿತು. ಎನ್‌ಟಿವಿ, ಕೆಟಿಎನ್, ಸಿಟಿಜನ್ ಮತ್ತೆ ಕೇಳಲಿಲ್ಲ. ಸಿಗ್ನಲ್ ಮತ್ತೆ ಕತ್ತರಿಸಿದರು. ಅವೇ ಮೂರು ಹೆಸರು, ಅದೇ ಉಪಾಯ. ಈ ಸಲ ಜನ ಅವೇ ಚಾನೆಲ್ಲುಗಳನ್ನು ಯೂಟ್ಯೂಬ್‌ನಲ್ಲಿ ನೋಡಿದರು. ಅದೇ ದಿನ ಹೈಕೋರ್ಟು ಪ್ರಾಧಿಕಾರದ ಆದೇಶವನ್ನು ತಡೆಹಿಡಿಯಿತು. ಅಕ್ಟೋಬರ್‌ನಲ್ಲಿ ಸೈಬರ್ ಕಾಯ್ದೆಗೆ ಇನ್ನಷ್ಟು ಹಲ್ಲು ಕೂರಿಸುವ ತಿದ್ದುಪಡಿಗೆ ರೂಟೊ ಸಹಿ ಹಾಕಿದರು. ಒಂದೇ ವಾರದಲ್ಲಿ ಅದರ ಕೆಲವು ಭಾಗಗಳಿಗೂ ಕೋರ್ಟು ತಡೆ ಕೊಟ್ಟಿತು.

ಕೆನ್ಯಾವನ್ನು ಪಟ್ಟಿಯ ತಳಕ್ಕೆ ಬೀಳದ ಹಾಗೆ ಹಿಡಿದಿರುವುದು ಈ ಕೋರ್ಟುಗಳೇ ಅಂತ ನನ್ನ ಲೆಕ್ಕ. ಮಾಲೀಕರು ಬಾಗುತ್ತಾರೆ, ಸಂಪಾದಕರು ಸುಮ್ನಾಗುತ್ತಾರೆ, ಆದರೆ ಯಾರೋ ಒಬ್ಬ ಒಮ್ಟಾಟಾ, ಯಾವುದೋ ವಕೀಲರ ಸಂಘ, ಬ್ಲಾಗರ್‌ಗಳ ಸಂಘ ಅರ್ಜಿ ಹಿಡಿದು ಹೋಗುತ್ತದೆ, ನ್ಯಾಯಾಧೀಶರೊಬ್ಬರು 34ನೇ ವಿಧಿ ತೆರೆದು ಓದುತ್ತಾರೆ. 2018ರಲ್ಲಿ ಆ ಓದಿಗೂ ಟಿವಿ ಪರದೆ ಬೆಳಗುವುದಕ್ಕೂ ನಡುವೆ ನಾಲ್ಕು ದಿನ, ಸಿಟಿಜನ್‌ಗೆ ಇನ್ನೂ ಜಾಸ್ತಿ. 2025ರಲ್ಲಿ ಅಷ್ಟು ಕಾಯಿಸಲಿಲ್ಲ. ಮುಂದಿನ ಮಹಾಚುನಾವಣೆ 2027ರ ಆಗಸ್ಟ್‌ನಲ್ಲಿ. ಆಗ ನಾನು ಪ್ಯಾರಿಸ್‌ನ ಪಟ್ಟಿಗಿಂತ ಮೊದಲು ಈ ಗಂಟೆಗಳನ್ನೇ ಎಣಿಸುತ್ತೇನೆ.